ಫೋನಿನಲ್ಲಿ ಹೇಳಿದರೆ ಬರೆದುಕೊಳ್ಳಲು ಬರುವ ಹೆಸರು

ವೆಬ್‌ಸೈಟಿನ ವಿಳಾಸದ, ಅಂದರೆ ಡೊಮೇನ್ ಹೆಸರಿನ, ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಣ ಕಟ್ಟಿದ ಮೇಲೆ ಬರೆದವು. ಕೊಳ್ಳುವ ಮೊದಲೇ ಕೇಳಿರುವ ಒಂದು ಪ್ರಶ್ನೆ ಈ ಸಲ ಬಂದಿರುವುದರಿಂದ ಅದಕ್ಕೆ ವಿವರವಾಗಿ ಉತ್ತರಿಸುತ್ತೇನೆ.

ಶಿರಸಿ ಸಮೀಪದ ಹಳ್ಳಿಯಲ್ಲಿ ನಾವು ಮೂವರು ಹೆಂಗಸರು ಸೇರಿ ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಮಾರುತ್ತೇವೆ. ವೆಬ್‌ಸೈಟ್ ಮಾಡಿಕೊಡುವ ಹುಡುಗ ‘ಬೆಸ್ಟ್-ಶಿರಸಿ-ತೊಡೆದೇವು-ಆನ್‌ಲೈನ್’ ಎಂಬ ಹೆಸರು ಕೊಂಡರೆ ಗೂಗಲ್‌ನಲ್ಲಿ ಮೊದಲು ಕಾಣಿಸುತ್ತದೆ ಎನ್ನುತ್ತಾನೆ. ಕೊಳ್ಳಬಹುದೇ?

ಕೊಳ್ಳಬೇಡಿ. ಹುಡುಕುವ ಪದಗಳನ್ನೇ ಡೊಮೇನ್‌ಗೆ ತುರುಕಿ ಮೇಲೇರುವ ಉಪಾಯ ಹಳತಾಯಿತು. ಹಾಗೆ ಹೆಸರಿಟ್ಟ ಕಳಪೆ ತಾಣಗಳನ್ನು ಕೆಳಗಿಳಿಸುವ ಬದಲಾವಣೆಯನ್ನು ಗೂಗಲ್ 2012ರಲ್ಲಿಯೇ ಮಾಡಿದೆ. ಇಷ್ಟು ವರ್ಷಗಳ ನಂತರವೂ ಇದನ್ನು ಗುಟ್ಟಿನ ವಿದ್ಯೆಯೆಂದು ಮಾರುವವರ ಮಾತನ್ನು ನೀವು ನಂಬಬೇಕಾಗಿಲ್ಲ.

ನಿಮ್ಮ ಗಿರಾಕಿ ನಿಮ್ಮನ್ನು ತಲುಪುವುದು ಬೇರೆ ದಾರಿಯಲ್ಲಿ. ಬೆಂಗಳೂರಿನಲ್ಲಿರುವ ಮಗಳಿಗೆ ತಾಯಿ ಫೋನಿನಲ್ಲಿ ಹೆಸರು ಹೇಳುತ್ತಾಳೆ, ಅವಳು ಅದನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾಳೆ. ಹೆಸರು ಸೋಲುವುದು ಅಲ್ಲಿಯೇ. ನಿಮ್ಮ ಪತ್ರ ಓದಿದ ದಿನ ನಾನು ಮನೆಯಲ್ಲಿದ್ದ ನಾಲ್ವರಿಗೆ ಒಂದೊಂದು ಚೀಟಿ ಕೊಟ್ಟು ‘ತೊಡೆದೇವು’ ಎಂಬುದನ್ನು ಇಂಗ್ಲಿಷ್‌ನಲ್ಲಿ ಬರೆಯಲು ಹೇಳಿದೆ. ಒಬ್ಬರು ಬರೀ ಟಿಯಿಂದ ಆರಂಭಿಸಿದರೆ ಇನ್ನೊಬ್ಬರು ಟಿಯ ಪಕ್ಕ ಎಚ್ ಸೇರಿಸಿದರು. ಒಬ್ಬರು ನಡುವೆ ಎ ಬರೆದರು, ಮತ್ತೊಬ್ಬರು ‘ದೇ’ಗೆ ಎರಡು ಇ ಹಾಕಿದರು. ನಾಲ್ಕು ಚೀಟಿಗಳಲ್ಲಿ ನಾಲ್ಕು ರೂಪ. ‘ಶಿರಸಿ’ಯ ತೊಡಕು ಬೇರೆ ಬಗೆಯದು. ಇಂಗ್ಲಿಷ್ ಫಲಕಗಳಲ್ಲಿ ಅದು ‘ಸಿರ್ಸಿ’ ಎಂದಿದೆ, ನಾವು ಆಡುವುದು ‘ಶಿರಸಿ’ ಎಂದು, ಆದ್ದರಿಂದ ನಿಮ್ಮ ಬಾಯಿಂದ ಕೇಳಿದವರು ಎಸ್ ಮುಂದೆ ಎಚ್ ಸೇರಿಸಿಯೇ ಸೇರಿಸುತ್ತಾರೆ. ಹೊನ್ನಾವರಕ್ಕೂ ಒಂದು ಎನ್ ಬರೆಯುವವರಿದ್ದಾರೆ, ಎರಡು ಬರೆಯುವವರಿದ್ದಾರೆ. ಇದರ ಮೇಲೆ ಮೂರು ಅಡ್ಡಗೆರೆಗಳಿದ್ದರೆ ಅವನ್ನು ಫೋನಿನಲ್ಲಿ ಹೇಗೆ ಹೇಳುತ್ತೀರಿ?

ಆದ್ದರಿಂದ ತ ಮತ್ತು ಟ, ದ ಮತ್ತು ಡ, ವಕಾರ, ದೀರ್ಘ ಸ್ವರ ಇವು ಆದಷ್ಟು ಕಡಿಮೆ ಇರುವ ಹೆಸರನ್ನು ಹುಡುಕಿ. ‘ಕಾನುಸಿರಿ’ ಕಿವಿಗೆ ಇಂಪಾಗಿದ್ದರೂ ‘ಕಾ’ಗೆ ಎ ಒಂದೋ ಎರಡೋ ಎಂಬ ಪ್ರಶ್ನೆ ಉಳಿಯುತ್ತದೆ, ‘ಬನಸಿರಿ’ಯಂಥ ಹೆಸರನ್ನು ಹೆಚ್ಚಿನವರು ಒಂದೇ ರೀತಿ ಬರೆಯುತ್ತಾರೆ. ನಿಯಮದ ಪ್ರಕಾರ 63 ಅಕ್ಷರಗಳವರೆಗೆ ಅವಕಾಶವಿದೆ, ಆದರೆ ನನ್ನ ಸಲಹೆ 12ನ್ನು ದಾಟಬಾರದೆಂದು. ತಿನಿಸಿನ ಹೆಸರನ್ನೂ ಸೇರಿಸಬೇಡಿ, ಏಕೆಂದರೆ ಮಿಡಿಯ ಕಾಲ ಮುಗಿದ ಮೇಲೆ ನೀವು ಹಪ್ಪಳವನ್ನೋ ಜೇನುತುಪ್ಪವನ್ನೋ ಮಾರಬಹುದು. ಡಬ್ಬದ ಮೇಲೆ ಈಗಾಗಲೇ ಅಂಟಿಸುತ್ತಿರುವ ಹೆಸರೊಂದಿದ್ದು, ಅದು ಚೀಟಿಯ ಪರೀಕ್ಷೆಯಲ್ಲಿ ಗೆದ್ದರೆ, ಬೇರೆ ಹೆಸರಿನ ಅಗತ್ಯವೇ ಇಲ್ಲ.

ಹೆಸರು ನಿಂತ ಮೇಲೆ ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ಜಾಲತಾಣದಲ್ಲಿ ಉಪ್ಪಿನಕಾಯಿಗೆ 29ನೇ ವರ್ಗವನ್ನೂ ತೊಡೆದೇವು, ಬೆಲ್ಲಗಳಿಗೆ 30ನೇ ವರ್ಗವನ್ನೂ ಹುಡುಕಿ ನೋಡಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆ ರಕ್ಷಣೆಯುಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿರುವುದರಿಂದ, ಇನ್ನೊಬ್ಬರ ಹೆಸರನ್ನು ಅರಿಯದೆ ಕೊಂಡರೂ ಮುಂದೆ ಬಿಟ್ಟುಕೊಡಬೇಕಾಗಿ ಬರಬಹುದು. ಡಾಟ್ ಕಾಮ್, ಡಾಟ್ ಇನ್ ಎರಡೂ ಸಿಕ್ಕರೆ ಎರಡನ್ನೂ ತೆಗೆದುಕೊಳ್ಳಿ. ಡಾಟ್ ಕಾಮ್‌ನಲ್ಲಿ ಬೇರೊಬ್ಬರು ಅದೇ ವ್ಯಾಪಾರ ನಡೆಸುತ್ತಿದ್ದರೆ ಆ ಹೆಸರಿನ ಆಸೆಯನ್ನೇ ಬಿಡಿ; ನಿಮ್ಮ ಗಿರಾಕಿಗಳು ಅಭ್ಯಾಸಬಲದಿಂದ ಅವರ ಅಂಗಡಿಗೆ ಹೋಗುತ್ತಾರೆ.

ಇನ್ನು ನನಗೆ ನಿಜವಾದ ಆತಂಕ ತರುವ ಸಂಗತಿ. ಡೊಮೇನ್ ಆ ಹುಡುಗನ ಹೆಸರಿನಲ್ಲಿ ನೋಂದಣಿಯಾಗಕೂಡದು. ನೋಂದಣಿದಾರರ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಇಮೇಲ್, ಒಟಿಪಿ ಬರುವ ನಿಮ್ಮ ಮೊಬೈಲ್ ಸಂಖ್ಯೆ ಇರಬೇಕು; ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು. ಹೊನ್ನಾವರದ ಕಡೆ ನನಗೆ ಪರಿಚಯವಿರುವ ಹೋಂಸ್ಟೇ ಒಂದರ ಡೊಮೇನ್, ತಾಣ ಮಾಡಿಕೊಟ್ಟವರ ಇಮೇಲ್‌ಗೆ ಸೇರಿತ್ತು. ಅವರು ಕೆಲಸ ಬದಲಿಸಿ ಊರು ಬಿಟ್ಟರು, ನವೀಕರಣದ ಸೂಚನೆಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋಗುತ್ತಿದ್ದವು, ಅವಧಿ ಮುಗಿದು ಹೆಸರು ಅಪರಿಚಿತರ ಪಾಲಾಯಿತು. ಡಾಟ್ ಕಾಮ್ ಅಳಿಸಲ್ಪಟ್ಟ ಮೇಲೂ ದಂಡ ತೆತ್ತು ಮರಳಿ ಪಡೆಯಲು 30 ದಿನಗಳ ಅವಕಾಶವಿರುತ್ತದೆ. ಅದೂ ಹೋಂಸ್ಟೇಯವರಿಗೆ ತಿಳಿಯಲಿಲ್ಲ. ಹೆದ್ದಾರಿ 66ರ ಬದಿಯ ಅವರ ಫಲಕದಲ್ಲಿ ಹಳೆಯ ವಿಳಾಸದ ಮೇಲೆ ಬಳಿದ ಬಿಳಿ ಪಟ್ಟಿಯನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನವೀಕರಣಕ್ಕೆ ಒಂದೊಂದೇ ವರ್ಷ ಕಟ್ಟದೆ, ಸಾಧ್ಯವಾದರೆ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿ.

ಸಂಖ್ಯಾಶಾಸ್ತ್ರದವರು ಹೆಸರಿನಲ್ಲಿ ಇನ್ನೊಂದು ಎ ಸೇರಿಸಲು ಹೇಳಿದ್ದಾರೆ. (ಅಂಕೋಲಾ)

ಸೇರಿಸಬೇಡಿ, ಆ ಹೆಚ್ಚುವರಿ ಅಕ್ಷರ ಗಿರಾಕಿಯನ್ನು ದಾರಿ ತಪ್ಪಿಸುತ್ತದೆ, ಅದರ ಆಚೆಗೆ ಯಾವ ಫಲವನ್ನೂ ಕೊಡುವುದಿಲ್ಲ.

ನಮ್ಮ ಸಂಸ್ಥೆಯ ಹೆಸರನ್ನು ವಿದೇಶದಲ್ಲಿ ಯಾರೋ ನೋಂದಾಯಿಸುತ್ತಿದ್ದಾರೆ, ತಡೆಯಲು ಕೂಡಲೇ ಹಣ ಕಟ್ಟಿ ಎಂಬ ಇಮೇಲ್ ಬಂದಿದೆ. (ಕಾರವಾರ)

ಇದು ಬಹಳ ಹಳೆಯ ವಂಚನೆ. ಉತ್ತರವನ್ನೂ ಬರೆಯಬೇಡಿ.

ಅಡಿಕೆ ವ್ಯಾಪಾರಕ್ಕೆ ‘ಶಿರಸಿ ಸುಪಾರಿ’ ಎಂಬ ಡೊಮೇನ್ ಕೊಂಡರೆ ಆ ಹೆಸರು ನನ್ನದಾಗುತ್ತದೆಯೇ? (ಶಿರಸಿ)

ಆಗುವುದಿಲ್ಲ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಈ ಸೀಮೆಯ ಬೆಳೆಗಾರರಿಗೆಲ್ಲ ಸೇರಿದ ಹೆಸರು, ಒಬ್ಬ ವ್ಯಾಪಾರಿಯ ಸ್ವತ್ತಲ್ಲ. ನಿಮ್ಮ ಮಂಡಿಯ ಹೆಸರಿನಲ್ಲಿ ಡೊಮೇನ್ ಕೊಳ್ಳಿ.

ಕನ್ನಡ ಅಕ್ಷರಗಳಲ್ಲೇ ಡಾಟ್ ಭಾರತ ಡೊಮೇನ್ ತೆಗೆದುಕೊಳ್ಳುವುದು ಒಳ್ಳೆಯದೇ? (ಕುಮಟಾ)

ಎರಡನೆಯ ಹೆಸರಾಗಿ ಖಂಡಿತ ತೆಗೆದುಕೊಳ್ಳಿ, ನನಗೂ ಅದರ ಮೇಲೆ ಪ್ರೀತಿಯಿದೆ. ಆದರೆ ಕನ್ನಡದ ವಿಳಾಸ ಒಳಗೊಳಗೆ ‘ಎಕ್ಸ್‌ಎನ್’ ಎಂದು ಆರಂಭವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಗುತ್ತದೆ; ನಕಲಿಸಿ ಅಂಟಿಸಿದಾಗ ಕೆಲವು ಕಡೆ ಆ ಸಾಲೇ ಕಾಣಿಸಿಕೊಂಡು ನೋಡಿದವರು ಮೋಸದ ಕೊಂಡಿಯೆಂದು ಹೆದರುತ್ತಾರೆ, ಮತ್ತು ಅಂಥ ಇಮೇಲ್ ವಿಳಾಸವನ್ನು ಒಪ್ಪದ ಅರ್ಜಿಗಳು ಇನ್ನೂ ಅನೇಕ ಇವೆ. ಬಿಲ್ಲಿನ ಮೇಲೆ ಮುದ್ರಿಸಲು ಇಂಗ್ಲಿಷ್ ಅಕ್ಷರದ ಹೆಸರೇ ಇರಲಿ.

99 ರೂಪಾಯಿಗೆ ಡೊಮೇನ್ ಎಂಬ ಜಾಹೀರಾತನ್ನು ನಂಬಬಹುದೇ? (ಭಟ್ಕಳ)

ಅದು ಮೊದಲ ವರ್ಷದ ದರ. ಎರಡನೆಯ ವರ್ಷದ ನವೀಕರಣಕ್ಕೆ ಎಷ್ಟು ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದ ಮೇಲೆ ಕಾರ್ಡ್ ಹೊರತೆಗೆಯಿರಿ.