ಅದೇ ತಿರುವು, ಅದೇ ಹೊತ್ತು: ಕೊಡಗಿನ ರಸ್ತೆ ಅಪಘಾತಗಳ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಕೊಡಗಿನ ಸಣ್ಣ ಊರುಗಳಲ್ಲಿ ಆಗುವ ಅಪಘಾತಗಳ ಬಗ್ಗೆ ಓದುಗರು ಕೇಳಿದ ಆರು ಪ್ರಶ್ನೆಗಳು ಇಲ್ಲಿವೆ. ಉತ್ತರ ಕೊಟ್ಟವರು ರಸ್ತೆ ಸುರಕ್ಷತೆಯ ಕೆಲಸದಲ್ಲಿ ಬಹಳ ವರ್ಷ ಕಳೆದಿರುವ ಎಂಜಿನಿಯರ್.

ನಮ್ಮ ಮನೆ ಹತ್ತಿರದ ತಿರುವಿನಲ್ಲಿ ಹೋದ ವರ್ಷ ಐದು ಅಪಘಾತ ಆಯಿತು. ಊರವರೆಲ್ಲ ಸೇರಿ ಒತ್ತಾಯ ಮಾಡಿದ ಮೇಲೆ ಎಚ್ಚರಿಕೆ ಬೋರ್ಡ್ ಹಾಕಿದರು. ಈ ವರ್ಷ ಒಂದೇ ಆಗಿದೆ. ಬೋರ್ಡ್‌ನಿಂದಲೇ ಕಡಿಮೆ ಆಯಿತು ಅನ್ನಬಹುದೇ? — ಸುಂಟಿಕೊಪ್ಪದ ಓದುಗರು

ಹೌದು ಅನ್ನೋಕೆ ನನಗೂ ಆಸೆ. ಒಂದು ಬೋರ್ಡ್ ಹಾಕಿಸೋಕೆ ಎಷ್ಟು ಸಲ ಕಚೇರಿ ಮೆಟ್ಟಿಲು ಹತ್ತಬೇಕು ಅಂತ ಗೊತ್ತು. ಆದರೆ ಬೋರ್ಡಿಗೆ ಹಾರ ಹಾಕುವ ಮೊದಲು ಸ್ವಲ್ಪ ತಡೆಯಿರಿ.

ಚೌಕಾಬಾರ ಆಡಿದ್ದೀರಲ್ವಾ? ಒಂದು ಸಲ ಎಂಟು ಬಿದ್ದರೆ ಮುಂದಿನ ಸಲ ಬೀಳೋದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಕವಡೆಯೂ ಅದೇ, ಕೈಯೂ ಅದೇ. ವರ್ಷಕ್ಕೆ ಸರಾಸರಿ ಮೂರು ಅಪಘಾತ ಆಗುವ ಒಂದು ತಿರುವು ಇದೆ ಅಂತ ಇಟ್ಟುಕೊಳ್ಳಿ. ಆ ರಸ್ತೆಯನ್ನು ಯಾರೂ ಮುಟ್ಟದಿದ್ದರೂ ಸುಮಾರು ಐದು ವರ್ಷಕ್ಕೊಮ್ಮೆ ಅಲ್ಲಿ ಒಂದೋ ಸೊನ್ನೆಯೋ ಬರುತ್ತದೆ. ಹೆಚ್ಚುಕಮ್ಮಿ ಅಷ್ಟೇ ಸಲ ಐದು ಅಥವಾ ಅದಕ್ಕಿಂತ ಜಾಸ್ತಿಯೂ ಬರುತ್ತದೆ. ಊರವರು ಸಿಟ್ಟಾಗುವುದು ಐದು ಬಂದ ವರ್ಷವೇ. ಬೋರ್ಡ್ ಬರುವುದೂ ಆಗಲೇ. ಮರುವರ್ಷ ಲೆಕ್ಕ ಹೇಗಿದ್ದರೂ ಇಳಿಯುವ ಸಾಧ್ಯತೆ ಇತ್ತು, ಹೆಸರು ಮಾತ್ರ ಬೋರ್ಡಿಗೆ ಬಂತು.

ಬೋರ್ಡ್ ದಂಡ ಅಂತ ನಾನು ಹೇಳುತ್ತಿಲ್ಲ. ಅದು ಕೆಲಸ ಮಾಡಿರಬಹುದು. ಒಂದು ವರ್ಷದ ಲೆಕ್ಕದಿಂದ ಅದು ಗೊತ್ತಾಗುವುದಿಲ್ಲ, ಅಷ್ಟೇ. ಬೆಂಗಳೂರಿನ ದೊಡ್ಡ ಜಂಕ್ಷನ್‌ಗಳಲ್ಲಿ ಸಂಖ್ಯೆ ದೊಡ್ಡದಿರುತ್ತದೆ, ಏರಿಳಿತಕ್ಕೆ ಅರ್ಥ ಇರುತ್ತದೆ. ಸಣ್ಣ ಊರಿನಲ್ಲಿ ಮೂರು, ಒಂದು, ನಾಲ್ಕು, ಎರಡು ಅಂತ ಕುಣಿಯುತ್ತಲೇ ಇರುತ್ತದೆ.

ಇನ್ನೊಂದು ತೊಡಕಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ‘ಬ್ಲ್ಯಾಕ್ ಸ್ಪಾಟ್’ ಅಂತ ಗುರುತಿಸೋಕೆ ಒಂದು ಅಳತೆ ಇದೆ. ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ 3 ವರ್ಷಕ್ಕೆ ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತ ಆಗಿರಬೇಕು, ಇಲ್ಲವೇ 10 ಸಾವಾಗಿರಬೇಕು. ನಮ್ಮ ಎಷ್ಟೋ ಕೆಟ್ಟ ತಿರುವುಗಳು ಈ ಲೆಕ್ಕಕ್ಕೆ ಸಿಗೋದೇ ಇಲ್ಲ. ಸ್ಕೂಟರ್ ಜಾರಿ ಮಂಡಿ ತರಚಿದವರು ಎದ್ದು, ಸೀರೆಯೋ ಪ್ಯಾಂಟೋ ಕೊಡವಿಕೊಂಡು ಮನೆಗೆ ಹೋಗುತ್ತಾರೆ. ಠಾಣೆಗೆ ಯಾರು ಹೋಗುತ್ತಾರೆ?

ಅದಕ್ಕೇ ಸಣ್ಣ ಊರಿನಲ್ಲಿ ‘ಎಷ್ಟು ಆಯಿತು’ ಅನ್ನುವುದಕ್ಕಿಂತ ‘ಹೇಗೆ ಆಯಿತು’ ಅನ್ನುವ ಪ್ರಶ್ನೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಒಂದು ನೋಟ್‌ಬುಕ್ ತನ್ನಿ. ತಿರುವಿನ ಚಿತ್ರ ಬರೆಯಿರಿ. ಪ್ರತಿ ಅಪಘಾತಕ್ಕೂ ವಾಹನ ಯಾವ ಕಡೆಯಿಂದ ಬಂತು, ಯಾವ ಕಡೆಗೆ ಹೋಯಿತು ಅಂತ ಒಂದು ಬಾಣ ಹಾಕಿ. ಪಕ್ಕದಲ್ಲಿ ಹೊತ್ತು, ಮಳೆ ಇತ್ತಾ, ಬೆಳಕಿತ್ತಾ ಅಂತ ಬರೆಯಿರಿ. ಮಾಹಿತಿಗೆ ಆಟೊ ಸ್ಟ್ಯಾಂಡಿನವರನ್ನು ಕೇಳಿ, ಗ್ಯಾರೇಜಿನವರನ್ನು ಕೇಳಿ, ಎದುರಿನ ಅಂಗಡಿಯವರನ್ನು ಕೇಳಿ. ಬಿದ್ದು ಎದ್ದು ಹೋದವರ ಲೆಕ್ಕ ಇರುವುದು ಅವರ ಹತ್ತಿರವೇ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲೆನಾಡಿನ ಒಂದು ಊರಿನಲ್ಲಿ ಹೀಗೇ ಬಾಣ ಹಾಕುತ್ತಾ ಕೂತಿದ್ದೆ. ಆರು ಬಾಣಗಳಲ್ಲಿ ಐದು ಒಂದೇ ದಿಕ್ಕಿನವು. ಆ ಐದೂ ಬೈಕ್, ಐದೂ ಇಳಿಜಾರಿನಲ್ಲಿ ಬರುವಾಗ, ಹೆಚ್ಚಿನವು ಒಂದು ಮಳೆ ಬಂದು ಹೋದ ಮೇಲೆ. ವೇಗ ಅಂತ ಎಲ್ಲರೂ ಹೇಳುತ್ತಿದ್ದರು. ಹೋಗಿ ನೋಡಿದರೆ ತಿರುವಿಗೆ ಸರಿಯಾಗಿ ಒಂದು ಕಾಫಿ ತೋಟದ ಗೇಟು. ಟ್ರ್ಯಾಕ್ಟರ್ ಹೊರಗೆ ಬಂದಾಗಲೆಲ್ಲ ಚಕ್ರದ ಕೆಸರು ಡಾಂಬರಿಗೆ. ಮೇಲಿನಿಂದ ಸಿಲ್ವರ್ ಓಕ್ ಎಲೆ ಉದುರಿ ಅದರ ಮೇಲೆ ಅಂಟಿಕೊಂಡಿದ್ದವು. ಗೇಟಿನ ಒಳಗೆ ಒಂದಷ್ಟು ದೂರ ಜಲ್ಲಿ ಹಾಕಿಸಿದರು, ಚಕ್ರದ ಕೆಸರು ಅಲ್ಲೇ ಉದುರಿತು. ಬೋರ್ಡಿಗಿಂತ ಅಗ್ಗದ ಕೆಲಸ.

ನಿಮ್ಮ ತಿರುವಿನ ಐದು ಬಾಣಗಳು ಐದು ದಿಕ್ಕಿಗೆ ಇದ್ದರೆ ಅದು ಕವಡೆಯ ಆಟ. ನಾಲ್ಕು ಒಂದೇ ಕಡೆ ತೋರಿಸಿದರೆ ರಸ್ತೆ ಏನೋ ಹೇಳುತ್ತಿದೆ. ಆ ಚಿತ್ರ ಹಿಡಿದುಕೊಂಡು ಕಚೇರಿಗೆ ಹೋಗಿ. ಸಹಿ ಸಂಗ್ರಹಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಇಲ್ಲಿ ಆಗುವ ಅಪಘಾತಕ್ಕೆಲ್ಲ ಹೊರಗಿನಿಂದ ಬರುವ ಪ್ರವಾಸಿಗರೇ ಕಾರಣ ಅಲ್ವಾ? ಶನಿವಾರ, ಭಾನುವಾರ ಬಂದರೆ ರಸ್ತೆಗೆ ಇಳಿಯೋಕೆ ಭಯ. — ಮಡಿಕೇರಿಯ ಓದುಗರು

ಭಯ ನಿಜ. ತೀರ್ಪು ಮಾತ್ರ ಸ್ವಲ್ಪ ಬೇಗ ಕೊಟ್ಟಿದ್ದೀರಿ. ಇದಕ್ಕೂ ನೋಟ್‌ಬುಕ್ಕೇ ಉತ್ತರ. ವಾರದ ದಿನ ಮತ್ತು ಹೊತ್ತು ಬರೆದಿಡಿ. ಶನಿವಾರ ಮಧ್ಯಾಹ್ನದ ಅಪಘಾತ ಒಂದು ಜಾತಿ, ಮಂಗಳವಾರ ಸಂಜೆ ಏಳಕ್ಕೆ ಆದದ್ದು ಇನ್ನೊಂದು ಜಾತಿ. ದಾರಿ ಗೊತ್ತಿಲ್ಲದವರು ತಿರುವನ್ನು ತಪ್ಪಾಗಿ ಅಂದಾಜು ಮಾಡುತ್ತಾರೆ, ವ್ಯೂ ಕಂಡ ಕೂಡಲೇ ತಿರುವಿನಲ್ಲೇ ಕಾರು ನಿಲ್ಲಿಸುತ್ತಾರೆ. ದಾರಿ ಚೆನ್ನಾಗಿ ಗೊತ್ತಿರುವವರ ತಪ್ಪು ಬೇರೆ. ‘ಈ ಹೊತ್ತಿಗೆ ಇಲ್ಲಿ ಯಾರೂ ಬರಲ್ಲ’ ಅನ್ನುವ ಧೈರ್ಯ ಅದು. ಕೆಎ 12 ನಂಬರಿನವರಿಗೂ, ಅಂದರೆ ನಮ್ಮ ಕೊಡಗಿನ ಗಾಡಿಯವರಿಗೂ, ಈ ಧೈರ್ಯ ಕಡಿಮೆ ಏನಿಲ್ಲ, ಬೇಜಾರು ಮಾಡ್ಕೋಬೇಡಿ.

ಬಯಲಿನಿಂದ ಬರುವವರ ಇನ್ನೊಂದು ಕಷ್ಟ ಹೇಳುತ್ತೇನೆ. ಕುಶಾಲನಗರದವರೆಗೆ ರಸ್ತೆ ಬಹುಮಟ್ಟಿಗೆ ಸಲೀಸು. ಕಣ್ಣಿಗೂ ಕಾಲಿಗೂ ಒಂದು ವೇಗ ಒಗ್ಗಿಬಿಟ್ಟಿರುತ್ತದೆ. ತಾಸುಗಟ್ಟಲೆ 80ರಲ್ಲಿ ಬಂದವರಿಗೆ 50 ಅಂದರೆ ನಿಂತ ಹಾಗೆ ಅನ್ನಿಸುತ್ತದೆ. ಆನೆಕಾಡು ದಾಟಿ ಏರು, ತಿರುವು ಶುರುವಾದ ಮೇಲೂ ಅದೇ ಲೆಕ್ಕ ತಲೆಯಲ್ಲಿ. ಜೊತೆಗೆ ತೋಟದ ನೆರಳು. ಬಿಸಿಲಿನಿಂದ ಮರದ ಕತ್ತಲೆಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ರಸ್ತೆ ಬದಿ ಹಸು ಹಿಡಿದುಕೊಂಡು ಹೋಗುವ ಅಜ್ಜಿ ಕಾಣುವುದಿಲ್ಲ.

ಠಾಣೆಯ ದಾಖಲೆ ನೋಡಿದರೆ ಪ್ರವಾಸಿಯೋ ಸ್ಥಳೀಯರೋ, ಎಲ್ಲರದ್ದೂ ‘ಅತಿವೇಗ ಮತ್ತು ಅಜಾಗರೂಕತೆ’. ಅದು ಪೊಲೀಸರ ತಪ್ಪಲ್ಲ. ಯಾರ ಮೇಲೆ ಕೇಸು ಅನ್ನುವುದು ಅವರ ಪ್ರಶ್ನೆ. ಇಲ್ಲೇ ಯಾಕೆ ಅನ್ನುವುದು ಎಂಜಿನಿಯರನ ಪ್ರಶ್ನೆ. ಈಗ ಅಪಘಾತದ ವಿವರವನ್ನು ಇ-ಡಾರ್ ಎಂಬ ವ್ಯವಸ್ಥೆಗೆ ಜಾಗದ ಗುರುತಿನ ಸಮೇತ ತುಂಬುತ್ತಾರೆ. ‘ಇಲ್ಲೇ ಯಾಕೆ’ ಅನ್ನುವ ಪ್ರಶ್ನೆಗೆ ಉತ್ತರ ಹುಡುಕೋಕೆ ಅದು ಒಳ್ಳೆಯ ಸಾಮಗ್ರಿ. ಓದುವವರು ಬೇಕು.

ಇನ್ನೊಂದನ್ನು ಯಾರೂ ಅಪಘಾತದ ಕಾರಣ ಅಂತ ಬರೆಯುವುದೇ ಇಲ್ಲ. ಅದು ರಸ್ತೆಯ ಅಂಚು. ಹಳೇ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತಾ ಹೋದರೆ ರಸ್ತೆ ಮೇಲೇರುತ್ತದೆ, ಬದಿಯ ಮಣ್ಣು ಮಳೆಗೆ ಕೊಚ್ಚಿ ಕೆಳಗಿಳಿಯುತ್ತದೆ. ನಡುವೆ ಅರ್ಧ ಅಡಿಯ ಮೆಟ್ಟಿಲು. ಎದುರಿಗೆ ಬಸ್ಸು ಬಂತು ಅಂತ ಸ್ಕೂಟರಿನವರು ಬದಿಗೆ ಇಳಿಯುತ್ತಾರೆ, ಮತ್ತೆ ಹತ್ತಿಸುವಾಗ ಚಕ್ರ ಆ ಅಂಚಿಗೆ ಉಜ್ಜಿ ಬಿದ್ದುಬಿಡುತ್ತಾರೆ. ಇದಕ್ಕೆ ‘ಆಯ ತಪ್ಪಿ ಬಿದ್ದರು’ ಅಂತ ಹೆಸರು. ಡಾಂಬರು ಹಾಕಿದ ಮೇಲೆ ಬದಿಗೆ ಗಟ್ಟಿ ಮಣ್ಣು ತುಂಬಿಸಿ ಅಂತ ಪಂಚಾಯಿತಿ ಸಭೆಯಲ್ಲಿ ಒಂದು ಸಲ ಕೇಳಿ ನೋಡಿ.

ಶಾಲೆ ಮುಂದೆ ಹಂಪ್ ಹಾಕಿಸಬೇಕು ಅಂತಿದ್ದೇವೆ. ನಾವೇ ದುಡ್ಡು ಹಾಕಿ ಮಾಡಿಸಬಹುದಾ? — ಗೋಣಿಕೊಪ್ಪಲಿನ ಓದುಗರು

ದಯವಿಟ್ಟು ಬೇಡ. ಊರವರು ಹಾಕಿಸುವ ಹಂಪ್ ಸಾಮಾನ್ಯವಾಗಿ ಒಂದೆರಡು ಅಡಿ ಅಗಲದ ದಿಣ್ಣೆ. ರಸ್ತೆ ಕೆಲಸಕ್ಕೆ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. 25 ಕಿಲೋಮೀಟರ್ ವೇಗದಲ್ಲಿ ಹೋದರೆ ಮೆಲ್ಲಗೆ ಎತ್ತಿ ಇಳಿಸುತ್ತದೆ, ಜಾಸ್ತಿ ವೇಗದಲ್ಲಿ ಹೋದವರಿಗೆ ಮಾತ್ರ ಬುದ್ಧಿ ಕಲಿಸುತ್ತದೆ. ದಿಣ್ಣೆಗೆ ಆ ವಿವೇಕ ಇಲ್ಲ. ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಗಸರು ಹಾರಿ ಬೀಳುತ್ತಾರೆ, ಆಂಬುಲೆನ್ಸಿನಲ್ಲಿ ಮಲಗಿದವರು ನರಳುತ್ತಾರೆ. ಮಂಜು ಬಿದ್ದ ಬೆಳಿಗ್ಗೆ ಬಣ್ಣ ಇಲ್ಲದ ಹಂಪ್ ಕಾಣೋದೂ ಇಲ್ಲ.

ರಸ್ತೆ ಯಾರದ್ದೋ ಅವರಿಗೆ ಅರ್ಜಿ ಕೊಡಿ. ಅರ್ಜಿಯಲ್ಲಿ ಹಂಪ್ ಅಂತ ಮಾತ್ರ ಬರೆಯದೆ, ಮಕ್ಕಳು ಎಲ್ಲಿ ದಾಟುತ್ತಾರೆ, ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಬರೆಯಿರಿ. ಎಷ್ಟೋ ಕಡೆ ಬಸ್ ನಿಲ್ದಾಣವನ್ನು ಗೇಟಿನಿಂದ ಇಪ್ಪತ್ತು ಹೆಜ್ಜೆ ಆಚೆ ಸರಿಸಿದರೆ ಅರ್ಧ ಕೆಲಸ ಆಗುತ್ತದೆ. ನಿಂತ ಬಸ್ಸಿನ ಮುಂದಿನಿಂದ ಮಗು ಓಡಿ ಬರೋದು ತಪ್ಪುತ್ತದೆ.

ಕಾಫಿ ಕೊಯ್ಲಿನ ಸಮಯದಲ್ಲಿ ಪಿಕಪ್‌ನಲ್ಲಿ ಕಾರ್ಮಿಕರನ್ನು ಕರೆತರುತ್ತೇವೆ. ಎಲ್ಲರೂ ಹಾಗೇ ಮಾಡುತ್ತಾರೆ. ಅಷ್ಟು ಅಪಾಯವೇ? — ಸಿದ್ದಾಪುರದ ಕಡೆಯ ಬೆಳೆಗಾರರು

ಎಲ್ಲರೂ ಮಾಡುತ್ತಾರೆ, ನಿಜ. ಬಸ್ ಇಲ್ಲದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲು ಮನೆಗಳಿಂದ) ಜನ ಬರೋದಾದರೂ ಹೇಗೆ ಅನ್ನುವ ನಿಮ್ಮ ಕಷ್ಟವೂ ನಿಜ. ಅರೇಬಿಕಾ ಮುಗಿದು ರೊಬಸ್ಟಾ ಮುಗಿಯುವವರೆಗೆ, ಅಂದರೆ ವರ್ಷದ ಕೊನೆಯಿಂದ ಮಾರ್ಚ್‌ವರೆಗೆ, ಕೈಗಳು ಸಾಲುವುದಿಲ್ಲ.

ಆದರೆ ಪಿಕಪ್ ಮೂಟೆಗೆ ಮಾಡಿದ ವಾಹನ. ಮೂಟೆ ನಿಂತುಕೊಳ್ಳುವುದಿಲ್ಲ, ತಿರುವಿನಲ್ಲಿ ಒಂದೇ ಕಡೆ ವಾಲುವುದಿಲ್ಲ. ಇಪ್ಪತ್ತು ಜನ ನಿಂತರೆ ಭಾರ ಮೇಲಕ್ಕೆ ಹೋಗುತ್ತದೆ. ತಿರುವಿನಲ್ಲಿ ಎಲ್ಲರೂ ಹೊರಗಿನ ಬದಿಗೆ ವಾಲಿದಾಗ ವಾಹನವೂ ಅತ್ತಲೇ ಮಗುಚುತ್ತದೆ. ಸೀಟ್ ಬೆಲ್ಟ್ ಇಲ್ಲ, ಹಿಡಿಯೋಕೆ ಒಂದು ಕಬ್ಬಿಣದ ಪಟ್ಟಿ, ಅಷ್ಟೇ. ಕಾರು ಮಗುಚಿದರೆ ನಾಲ್ಕು ಜನಕ್ಕೆ ಪೆಟ್ಟು. ಪಿಕಪ್ ಮಗುಚಿದರೆ ಇಡೀ ಲೈನಿಗೇ ಪೆಟ್ಟು.

ದುಡ್ಡಿನ ಮಾತೂ ಆಡೋಣ. ಸರಕು ವಾಹನದ ವಿಮೆ ಹಿಂದೆ ಕೂತ ಪ್ರಯಾಣಿಕರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಪರಿಹಾರದ ಕೇಸು ಬಂದಾಗ ವಿಮಾ ಕಂಪನಿ ಇದನ್ನೇ ಹಿಡಿದುಕೊಳ್ಳುತ್ತದೆ. ಕೊನೆಗೆ ಹೊರೆ ಬೀಳೋದು ವಾಹನದ ಮಾಲೀಕರ ತಲೆಗೆ. ನಾಲ್ಕು ತೋಟದವರು ಸೇರಿ ಸೀಸನ್‌ಗೆ ಒಂದು ಪ್ಯಾಸೆಂಜರ್ ಜೀಪನ್ನೋ ಮಿನಿ ಬಸ್ಸನ್ನೋ ಗೊತ್ತು ಮಾಡಿ, ಎರಡು ಟ್ರಿಪ್ ಹೊಡೆಸಿ. ಅರ್ಧ ಗಂಟೆ ಕೆಲಸ ಹೋಗುತ್ತದೆ, ಹೋಗಲಿ ಬಿಡಿ.

ಮಳೆ, ಮಂಜಿನಲ್ಲಿ ಗಾಡಿ ಓಡಿಸುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಕಾ? ಎಷ್ಟು ವೇಗ ಸರಿ? — ಸೋಮವಾರಪೇಟೆಯ ಓದುಗರು

ಓಡುತ್ತಿರುವ ಗಾಡಿಗೆ ಬೇಡ. ನೀವು ನಿಂತಿದ್ದೀರೋ, ಬಲಕ್ಕೆ ತಿರುಗುತ್ತೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಕೆಟ್ಟು ನಿಂತರೆ ಹಾಕಿ. ಮಂಜಿನಲ್ಲಿ ಹೈ ಬೀಮ್ ಕೂಡ ಬೇಡ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಇರಲಿ.

ವೇಗಕ್ಕೆ ಒಂದು ಲೆಕ್ಕ. 40ರಲ್ಲಿ ಹೋಗುವಾಗ ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲೋಕೆ ಇನ್ನೂ 15–16 ಮೀಟರ್ ಬೇಕು. ಒಟ್ಟು 32ರ ಆಸುಪಾಸು. 60ರಲ್ಲಿ ಅದೇ ಲೆಕ್ಕ 60 ಮೀಟರ್ ಆಗುತ್ತದೆ. ವೇಗ ಒಂದೂವರೆ ಪಟ್ಟು, ದೂರ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ ಮಂಜಿನಲ್ಲಿ 30 ಮೀಟರ್ ಮಾತ್ರ ಕಾಣುತ್ತಿದ್ದರೆ 40 ಕೂಡ ಜಾಸ್ತಿ. ಒಂದೇ ಗಾಡಿ ಹಿಡಿಸುವ ತೋಟದ ರಸ್ತೆಯಲ್ಲಿ ಎದುರಿನವರೂ ಅಷ್ಟರಲ್ಲೇ ನಿಲ್ಲಬೇಕಲ್ವಾ? ಅಲ್ಲಿ 20.

ಸಂಪಾಜೆ ಕಡೆ ಘಾಟಿ ಇಳಿಯುವವರು ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನೇ ಒತ್ತುತ್ತಾ ಹೋದರೆ ಅದು ಕಾದು, ಬೇಕಾದ ಹೊತ್ತಿಗೆ ಹಿಡಿಯುವುದಿಲ್ಲ. ಕಿರಿದಾದ ಜಾಗದಲ್ಲಿ ಎದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು ಅನ್ನುವುದು ನಿಯಮ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಮಾಡುವವರಿಗೆ ಏನು ಹೇಳಲಿ, ನೂರು ರೂಪಾಯಿಯೂ ಉಳಿಯುವುದಿಲ್ಲ.

ದಾರಿಯಲ್ಲಿ ಅಪಘಾತ ಆಗಿದ್ದು ಕಂಡರೆ ನಿಲ್ಲಿಸೋಕೆ ಹೆದರಿಕೆ. ಕೋರ್ಟು, ಕಚೇರಿ ಅಂತ ಅಲೆಸುತ್ತಾರಾ? — ವಿರಾಜಪೇಟೆಯ ಓದುಗರು

ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಎಂಬ ಕಲಂ ಸೇರಿಸಿದ್ದಾರೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಕೊಡಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಚಿಕಿತ್ಸೆಯ ಖರ್ಚಿಗೂ ನೀವು ಜವಾಬ್ದಾರರಲ್ಲ. ಗಾಯಾಳುಗಳಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ.

ಮೊದಲು ನಿಮ್ಮ ಗಾಡಿಯನ್ನು ತಿರುವಿನಲ್ಲಿ ಬಿಡಬೇಡಿ, ಕಾಣುವ ಕಡೆ ನಿಲ್ಲಿಸಿ. ಒಬ್ಬರನ್ನು ತಿರುವಿನ ಆಚೆ ಕಳಿಸಿ, ಬರುವ ವಾಹನಗಳಿಗೆ ಕೈ ತೋರಿಸಲಿ. ಬಿದ್ದವರ ಕುತ್ತಿಗೆ ಅಲುಗಾಡಿಸಬೇಡಿ, ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. 108ಕ್ಕೋ 112ಕ್ಕೋ ಕರೆ ಮಾಡಿದಾಗ ‘ದೊಡ್ಡ ಮರದ ಹತ್ತಿರ’ ಅಂದರೆ ಕೊಡಗಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಬರೆದಿದ್ದನ್ನು ಓದಿ ಹೇಳಿ. ನೆಟ್‌ವರ್ಕ್ ಸಿಗದಿದ್ದರೆ ಎರಡೂ ಕಡೆಗೆ ಹೋಗುವ ಒಂದೊಂದು ಗಾಡಿ ನಿಲ್ಲಿಸಿ ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಡಿ. ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲಿ ಅವರು ಕರೆ ಮಾಡಲಿ.