ಗಂಡನ ಬ್ಯಾಗಿನಲ್ಲಿ ಸಿಕ್ಕ ಮಾತ್ರೆ

ಪ್ರಶ್ನೆ: ನನಗೆ 34 ವರ್ಷ, ಗಂಡನಿಗೆ 38. ಮದುವೆಯಾಗಿ ಒಂಬತ್ತು ವರ್ಷ, ಏಳು ವರ್ಷದ ಮಗಳಿದ್ದಾಳೆ. ನಾನೂ ಒಂದು ಸಣ್ಣ ಕೆಲಸದಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಇವರ ಆಫೀಸ್ ಬ್ಯಾಗಿನಲ್ಲಿ ಗರ್ಭನಿರೋಧಕ ಮಾತ್ರೆ ಸಿಕ್ಕಿತು. ಬೇರೆ ಹೆಂಗಸಿನ ಸಹವಾಸ ಇದೆ ಅಂದುಕೊಂಡು ಜಗಳ ತೆಗೆದೆ. ಅತ್ತುಬಿಟ್ಟರು. ಮಾತ್ರೆ ನುಂಗುತ್ತಿರುವುದು ತಾವೇ, ಚಿಕ್ಕಂದಿನಿಂದಲೂ ಒಳಗೊಳಗೆ ತಾವು ಹೆಣ್ಣೇ, ಇನ್ನು ಹೆಣ್ಣಾಗಿಯೇ ಬದುಕುತ್ತೇನೆ ಅಂದರು. ದಿನಕ್ಕೆ ಎರಡು ಮೂರು ಮಾತ್ರೆ ತಗೊಳ್ಳುತ್ತಾರಂತೆ. ಆಪರೇಷನ್‌ಗೆ ಸಾಲ ಎತ್ತಬೇಕೆಂದು ನನ್ನ ಸಹಿ ಕೇಳುತ್ತಿದ್ದಾರೆ. ಯಾರಿಗೂ ಹೇಳಬಾರದು ಎಂದು ಮಗಳ ಮೇಲೆ ಆಣೆ ಮಾಡಿಸಿಕೊಂಡಿದ್ದಾರೆ. ಅತ್ತೆ ನೋಡಿದರೆ ಎರಡನೇ ಮಗು ಯಾವಾಗ ಅಂತಾರೆ. ಇವರು ಒಳ್ಳೆಯವರು, ಕುಡಿಯುವುದಿಲ್ಲ, ಸಿಗರೇಟು ಮಾತ್ರ ಇದೆ. ಇದು ವಾಸಿಯಾಗುತ್ತದೆಯೇ? ನನ್ನಲ್ಲೇ ಏನಾದರೂ ಕೊರತೆಯಿತ್ತೇ? ನಾನು ಇರಬೇಕೋ, ಹೋಗಬೇಕೋ?
– ಹೆಸರು, ಊರು ಬೇಡ

ಉತ್ತರ: ಇರಬೇಕೋ ಹೋಗಬೇಕೋ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕಿಂತ ಅವಸರದ್ದು ಆ ಮಾತ್ರೆ. ಸ್ಟ್ರಿಪ್ಪಿನ ಹಿಂಭಾಗ ಓದಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾಲಾ-ಡಿಯಂಥ ಮಾತ್ರೆಗಳಲ್ಲಿ ಇರುವುದು ಎಥಿನೈಲ್ ಎಸ್ಟ್ರಾಡಿಯೋಲ್ ಮತ್ತು ಲೆವೊನಾರ್ಜೆಸ್ಟ್ರೆಲ್. ಹೆಣ್ಣಾಗಿ ಬದಲಾಗುವವರಿಗೆ ವೈದ್ಯರು ಎಥಿನೈಲ್ ಎಸ್ಟ್ರಾಡಿಯೋಲ್ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿಸುವ ಗುಣ ಅದಕ್ಕೆ ಹೆಚ್ಚು ಎಂಬುದೇ ಕಾರಣ. ದಿನಕ್ಕೆ ಎರಡು ಮೂರು ನುಂಗಿದರೆ, ಮೇಲೆ ಸಿಗರೇಟೂ ಇದ್ದರೆ, ಅಪಾಯ ಇನ್ನಷ್ಟು ಏರುತ್ತದೆ. ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಹಿಡಿದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬೇಡಿ. ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಮಾತ್ರೆಯ ವಿಷಯ ಮುಚ್ಚಿಡದೆ ಹೇಳಿ.

ಇಷ್ಟು ಕೇಳಲು ನೀವು ಅವರ ಬದಲಾವಣೆಯನ್ನು ಒಪ್ಪಿರಬೇಕಾಗಿಲ್ಲ. 'ನೀವು ಏನಾಗುತ್ತೀರೋ ಆಮೇಲೆ ಮಾತಾಡೋಣ. ಈ ಮಾತ್ರೆ ನಿಲ್ಲಿಸಿ, ಈ ವಾರವೇ ಹಾರ್ಮೋನ್ ಡಾಕ್ಟರ ಹತ್ತಿರ ಹೋಗಿ' ಎಂದು ಹೇಳಿ. ನೋಡಬೇಕಾದವರು ಎಂಡೋಕ್ರೈನಾಲಜಿಸ್ಟ್. ಅವರು ಸಾಮಾನ್ಯವಾಗಿ ಎಸ್ಟ್ರಾಡಿಯೋಲನ್ನು ಮಾತ್ರೆ, ಜೆಲ್ ಅಥವಾ ಪ್ಯಾಚ್ ರೂಪದಲ್ಲಿ ಕೊಡುತ್ತಾರೆ, ಜೊತೆಗೆ ಗಂಡು ಹಾರ್ಮೋನು ತಗ್ಗಿಸಲು ಇನ್ನೊಂದು ಔಷಧಿ ಇರುತ್ತದೆ. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಆ ಇನ್ನೊಂದು ಔಷಧಿ ಸ್ಪೈರನೊಲ್ಯಾಕ್ಟೋನ್ ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಆರೋಗ್ಯಕ್ಕೆ ಒಳ್ಳೆಯದೆಂದು ನಾವು ದಿನಾ ಕುಡಿಸುವ ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಹಾಗಾಗಿ ಎಷ್ಟು ಕುಡಿಯಬಹುದೆಂದು ಡಾಕ್ಟರನ್ನೇ ಕೇಳಬೇಕು. ಸಿಪ್ರೊಟೆರೋನ್ ಕೊಟ್ಟರೆ ಲಿವರ್ ಪರೀಕ್ಷೆಯೂ ಆಗಬೇಕು. ಯಾವುದಾದರೂ ಸರಿ, ಸಿಗರೇಟು ಮೊದಲು ಬಿಡಬೇಕು.

ಇನ್ನು, ವಾಸಿಯಾಗುತ್ತದೆಯೇ ಎಂದು ಕೇಳಿದ್ದೀರಿ. ವಾಸಿ ಮಾಡಲು ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಇದು ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿಲ್ಲ. ಇಂಥವರನ್ನು 'ಸರಿಮಾಡುತ್ತೇನೆ' ಎಂದು ಚಿಕಿತ್ಸೆ ನಡೆಸುವುದು ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದೇ ವರ್ಷ ಹೇಳಿದೆ. ನಾಳೆ ಅತ್ತೆಗೆ ಗೊತ್ತಾಗಿ ಯಾವುದೋ ಮಠಕ್ಕೋ ಮಾಟ ತೆಗೆಸುವವರ ಹತ್ತಿರಕ್ಕೋ ಕರೆದೊಯ್ದರೆ, ಶಾಕ್ ಕೊಡುವ ಡಾಕ್ಟರನ್ನು ಯಾರೋ ಹುಡುಕಿ ತಂದರೆ, ಹಣವೂ ಹೋಗುತ್ತದೆ, ಇರುವ ಮನುಷ್ಯ ಇನ್ನಷ್ಟು ಕುಸಿಯುತ್ತಾರೆ.

ನಿಮ್ಮಲ್ಲಿ ಕೊರತೆಯಿತ್ತೇ? ಇಲ್ಲ. ನಿಮ್ಮ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ಇದೇ ಆಗುತ್ತಿತ್ತು. ಇವರಂಥವರು ಮದುವೆಯಾಗುವುದು ಬಹುಮಟ್ಟಿಗೆ ಮನೆಯವರ ಒತ್ತಾಯಕ್ಕೆ, ಇಲ್ಲವೇ 'ಮದುವೆಯಾದರೆ ಎಲ್ಲ ಸರಿಹೋಗುತ್ತದೆ' ಎಂಬ ನಂಬಿಕೆಗೆ. ಬೇಕೆಂದೇ ಮೋಸ ಮಾಡಿದ್ದು ಎಂದು ಅದನ್ನು ಕರೆಯಲು ನಮಗೆ ಮನಸ್ಸು ಬಾರದು. ಆದರೆ ಗುಟ್ಟು ಮುಚ್ಚಿಟ್ಟಿದ್ದರ ಹೊರೆ ನಿಮ್ಮ ತಲೆ ಮೇಲೆ ಬಿದ್ದಿದೆ ಎಂಬುದೂ ಅಷ್ಟೇ ನಿಜ. ನಿಮಗೆ ಸಿಟ್ಟು ಬರುವುದು ನ್ಯಾಯವೇ. ಎದುರಿಗೆ ಮನುಷ್ಯ ಇದ್ದಾರೆ, ಮದುವೆಯಾದ ಗಂಡ ಮಾತ್ರ ದೂರ ಸರಿಯುತ್ತಿದ್ದಾರೆ. ಯಾರೂ ಸತ್ತಿಲ್ಲವಾದ್ದರಿಂದ ಈ ದುಃಖಕ್ಕೆ ಸಮಾಧಾನ ಹೇಳಲು ಯಾರೂ ಬರುವುದಿಲ್ಲ. ಅತ್ತುಬಿಡಿ. 'ಅವರಿಗೆ ನೋವಾಗುತ್ತದೆ' ಎಂದು ಅದುಮಿಟ್ಟ ಅಳು ಮುಂದೆ ಮಗಳ ಮೇಲೆ ರೇಗಾಟವಾಗಿ ಹೊರಬರುತ್ತದೆ.

ಹಾಸಿಗೆಯ ವಿಷಯ ನೀವು ಬರೆದಿಲ್ಲ, ಆದರೂ ಹೇಳಬೇಕು. ಹಾರ್ಮೋನು ಶುರುವಾದ ಒಂದರಿಂದ ಮೂರು ತಿಂಗಳೊಳಗೆ ಕಾಮಾಸಕ್ತಿ ಕುಗ್ಗುತ್ತದೆ, ಉದ್ರೇಕ ಕಡಿಮೆಯಾಗುತ್ತದೆ. ಅದನ್ನು 'ನಾನು ಬೇಡವಾದೆ' ಎಂದು ಓದಿಕೊಳ್ಳುವ ಹೆಂಡತಿಯರು ಬಹಳ. ಅದು ಔಷಧಿಯ ಕೆಲಸ. ಮೂರರಿಂದ ಆರು ತಿಂಗಳಲ್ಲಿ ಎದೆ ಬೆಳೆಯತೊಡಗುತ್ತದೆ, ಚರ್ಮ ಮೆತ್ತಗಾಗುತ್ತದೆ. ಬೆಳೆದ ಎದೆ ಮಾತ್ರೆ ನಿಲ್ಲಿಸಿದರೂ ಹಿಂದಕ್ಕೆ ಹೋಗದು. ದನಿ ಮಾತ್ರ ಬದಲಾಗುವುದಿಲ್ಲ, ಗಡ್ಡವೂ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಲೇಸರ್‌ಗೆ ಮತ್ತೆ ಮತ್ತೆ ಹೋಗಬೇಕು, ಆ ಖರ್ಚು ಬೇರೆ. ವೀರ್ಯ ಕ್ಷೀಣಿಸಿದರೂ ಯಾವಾಗ ಪೂರ್ತಿ ನಿಲ್ಲುತ್ತದೆಂದು ಲೆಕ್ಕವಿಲ್ಲ. ಆದ್ದರಿಂದ ಹಾರ್ಮೋನನ್ನು ಗರ್ಭನಿರೋಧಕವೆಂದು ನಂಬಬೇಡಿ. ಕೂಡುವುದಾದರೆ ಕಾಂಡೋಮ್ ಇರಲಿ. ಮನಸ್ಸಿಲ್ಲದಿದ್ದರೆ ಬೇಡ ಅನ್ನಿ. ಅವರು ಹೆಣ್ಣಾದ ಮಾತ್ರಕ್ಕೆ ಹೆಣ್ಣನ್ನು ಬಯಸುವವರಾಗಿ ನೀವು ಬದಲಾಗಬೇಕಿಲ್ಲ, ಬದಲಾಗುವುದೂ ಇಲ್ಲ. ದಾಂಪತ್ಯ ನಿಲ್ಲಿಸಿ ಒಂದೇ ಮನೆಯಲ್ಲಿ ಮಗುವಿನ ತಾಯಿತಂದೆಯಾಗಿ ಉಳಿಯುವವರಿದ್ದಾರೆ. ಬೇರೆಯಾದ ಮೇಲೂ ಒಳ್ಳೆಯ ಸ್ನೇಹದಲ್ಲಿರುವವರಿದ್ದಾರೆ. ಮೊದಲಿನಂತೆಯೇ ಜೊತೆಯಾಗಿ ಬಾಳುವವರೂ ಇದ್ದಾರೆ.

ಎರಡನೇ ಮಗು ಬೇಕೆಂಬ ಆಸೆ ಅತ್ತೆಯದಷ್ಟೇ ಆಗಿದ್ದರೆ ಅದನ್ನು ಅಲ್ಲಿಗೇ ಬಿಡಿ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಇದ್ದರೆ ಡಾಕ್ಟರು ಹೊಸ ಹಾರ್ಮೋನು ಶುರುಮಾಡುವ ಮೊದಲೇ ವೀರ್ಯ ಶೇಖರಿಸಿಡುವ ಮಾತೆತ್ತಿ. ಎರಡರಿಂದ ಐದು ದಿನ ಸಂಯಮದಲ್ಲಿದ್ದು ಮಾದರಿ ಕೊಡಬೇಕು, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ ಮೊದಲೇ ಆಗಬೇಕು. ಈಗಾಗಲೇ ಮಾತ್ರೆ ನುಂಗಿರುವುದರಿಂದ ಮೊದಲು ವೀರ್ಯ ಪರೀಕ್ಷೆ ಮಾಡಿಸುತ್ತಾರೆ. ವೀರ್ಯಾಣು ಬೆಳೆದು ಹೊರಬರಲು ಎರಡೂವರೆ ತಿಂಗಳಷ್ಟು ಹಿಡಿಯುತ್ತದೆ, ಹಾಗಾಗಿ ಸುಮಾರು ಮೂರು ತಿಂಗಳು ಹಾರ್ಮೋನು ನಿಲ್ಲಿಸಿ ಕಾಯಬೇಕಾಗಬಹುದು.

ಸಾಲದ ಕಾಗದಕ್ಕೆ ಸಹಿ ಹಾಕಬೇಡಿ. ಇದು ನಮ್ಮ ಗಟ್ಟಿ ಅಭಿಪ್ರಾಯ. ಸಹಸಾಲಗಾರರಾಗಿ ಇಲ್ಲವೇ ಜಾಮೀನುದಾರರಾಗಿ ಸಹಿ ಮಾಡಿದರೆ, ನಾಳೆ ನೀವು ಬೇರೆಯಾದರೂ ಬ್ಯಾಂಕು ನಿಮ್ಮನ್ನೇ ಹುಡುಕಿ ಬರುತ್ತದೆ. ಸಹಿ ಹಾಕದಿದ್ದರೆ ಅವರ ಸ್ವಂತ ಸಾಲದ ಹೊಣೆ ನಿಮಗೆ ಬರುವುದಿಲ್ಲ. ಮೇಲಾಗಿ ಆಪರೇಷನ್ ನಾಳೆಯೇ ಆಗುವಂಥದ್ದೂ ಅಲ್ಲ. ಈ ಕ್ಷೇತ್ರದ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಜನನಾಂಗದ ಶಸ್ತ್ರಚಿಕಿತ್ಸೆಗೆ ಮುನ್ನ ಕನಿಷ್ಠ ಆರು ತಿಂಗಳು ಹಾರ್ಮೋನು ತೆಗೆದುಕೊಂಡಿರಬೇಕು, ಮನೋವೈದ್ಯರ ಪತ್ರವನ್ನೂ ಆಸ್ಪತ್ರೆಗಳು ಕೇಳುತ್ತವೆ. ಎಲ್ಲರೂ ಆಪರೇಷನ್ ಮಾಡಿಸಿಕೊಳ್ಳುವುದೂ ಇಲ್ಲ. ಈಗಲೇ ಸಾಲ ಎತ್ತುವ ತುರ್ತು ಎಲ್ಲಿದೆ?

ಈ ಬಿಡುವಿನಲ್ಲಿ ನಿಮ್ಮದನ್ನು ನೀವು ಸರಿಮಾಡಿಕೊಳ್ಳಿ. ಸಂಬಳ ನಿಮ್ಮದೇ ಹೆಸರಿನ ಖಾತೆಗೆ ಬರಲಿ. ತವರಿನಿಂದ ತಂದ ಒಡವೆ ಸ್ತ್ರೀಧನ, ಅದು ನಿಮ್ಮದು. ಫೋಟೋ ತೆಗೆದು ತೂಕ ಬರೆದಿಡಿ, ಲಾಕರ್ ನಿಮ್ಮ ಹೆಸರಿನಲ್ಲಿರಲಿ. ಮದುವೆ ನೋಂದಣಿ ಪತ್ರ, ಮಗಳ ಜನನ ಪ್ರಮಾಣಪತ್ರ, ಎಲ್‌ಐಸಿ ಬಾಂಡು, ಪಿಎಫ್ ನಾಮಿನಿ ವಿವರ, ಬಾಡಿಗೆ ಕರಾರು, ಇವರ ಈಗಿನ ಹೆಸರಿನ ಆಧಾರ್ ಮತ್ತು ಪ್ಯಾನ್ ಎಲ್ಲದರ ಪ್ರತಿ ನಿಮ್ಮ ಹತ್ತಿರ ಇರಬೇಕು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಡಿ ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಲು ಹೆಂಡತಿಯ ಸಹಿ ಬೇಕಿಲ್ಲ. ಅಂದರೆ ಹೆಸರು ಬದಲಾಗುವಾಗ ನಿಮ್ಮನ್ನು ಯಾರೂ ಕೇಳುವುದಿಲ್ಲ. ಆಮೇಲೆ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ವಿಮೆಯಲ್ಲಿ ಇನ್ನೊಂದು ಹೆಸರಾದಾಗ ಇಬ್ಬರೂ ಒಬ್ಬರೇ ಎಂದು ತೋರಿಸಲು ಈ ಪ್ರತಿಗಳೇ ಬೇಕು.

ಮನೆಯೊಳಗೂ ಕೆಲವು ಗೆರೆ ಎಳೆಯಬೇಕಾಗುತ್ತದೆ. ಇಷ್ಟು ವರ್ಷ ಬಿಗಿಹಿಡಿದಿದ್ದು ಒಮ್ಮೆ ಬಿಟ್ಟುಕೊಂಡಾಗ ಅವರಿಗೆ ಹಗಲೂ ರಾತ್ರಿ ಅದೇ ಮಾತು, ಅದೇ ಸಂಭ್ರಮ. ಬೀರುವಿನಲ್ಲಿ ನಿಮ್ಮ ಸೀರೆಯ ಮಡಿಕೆ ಬದಲಾಗಿರುತ್ತದೆ, ಬ್ಲೌಸಿನ ತೋಳಿನ ಹೊಲಿಗೆ ಬಿಚ್ಚಿರುತ್ತದೆ, ಕಾಡಿಗೆ ಡಬ್ಬಿ ಬರಿದಾಗಿರುತ್ತದೆ. ಹೇಳದೆ ನಿಮ್ಮ ಬಟ್ಟೆ ಮುಟ್ಟಬಾರದು ಎನ್ನಲು ಸಂಕೋಚ ಬೇಡ. ಅವರಿಗೆ ಬೇಕಾದ್ದನ್ನು ಅವರೇ ಕೊಳ್ಳಲಿ. ಸೀರೆ ಉಡಿಸಿಕೊಡು, ಹುಬ್ಬು ತಿದ್ದಿಕೊಡು ಎಂದರೆ ಇಷ್ಟವಿದ್ದರೆ ಮಾಡಿ, ಇಲ್ಲವೆಂದರೆ ಇಲ್ಲ. ದಿನಕ್ಕೆ ಅರ್ಧ ಗಂಟೆ, ಮಗಳು ಮಲಗಿದ ಮೇಲೆ ಈ ವಿಷಯ. ಉಳಿದ ಹೊತ್ತು ಗ್ಯಾಸ್ ಬುಕಿಂಗು, ಶಾಲೆ ಫೀಸು, ನಿಮ್ಮ ಆಫೀಸಿನ ಮಾತು. ಮುಂದಿನ ಆರು ತಿಂಗಳು ಏನು ಆಗಬೇಕು, ಏನು ಆಗಬಾರದು ಎಂದು ಇಬ್ಬರೂ ಕೂತು ಬರೆದಿಡಿ: ಡಾಕ್ಟರಿಲ್ಲದೆ ಔಷಧಿಯಿಲ್ಲ, ಸಾಲವಿಲ್ಲ, ನಿಮ್ಮಲ್ಲಿ ಒಬ್ಬರಿಗೆ ಹೇಳದೆ ಇನ್ನೊಬ್ಬರು ಯಾವ ನೆಂಟರಿಗೂ ಸುದ್ದಿ ಮುಟ್ಟಿಸುವಂತಿಲ್ಲ. 'ನೀವು ಹೆಣ್ಣಾಗಲೇಬಾರದು' ಎಂದು ಕೇಳಿದರೆ ಅದು ನಡೆಯುವ ಮಾತಲ್ಲ. 'ನಿಧಾನಿಸಿ, ನನಗೆ ಹೇಳಿ ಮಾಡಿ' ಎಂದು ಕೇಳುವ ಹಕ್ಕು ನಿಮಗೆ ಪೂರ್ತಿಯಿದೆ.

ಮಗಳಿಗೆ ಹೇಳುವುದನ್ನು ತುಂಬಾ ಮುಂದೂಡಬೇಡಿ. ಕಣ್ಣಿಗೆ ಕಾಣುವ ಬದಲಾವಣೆ ಬರುವ ಮೊದಲು, ಇಬ್ಬರೂ ಜೊತೆಯಲ್ಲಿ ಕೂತು, ಐದು ನಿಮಿಷದಲ್ಲಿ ಮುಗಿಸಿ. 'ಅಪ್ಪನಿಗೆ ಒಳಗಿಂದ ತಾನು ಹುಡುಗಿ ಅಂತ ಅನ್ನಿಸುತ್ತೆ. ಅದಕ್ಕೆ ಡಾಕ್ಟರ ಹತ್ತಿರ ಹೋಗ್ತಿದ್ದಾರೆ. ಇದು ನಿನ್ನಿಂದ ಆಗಿದ್ದಲ್ಲ. ನಿನ್ನ ಮೇಲಿನ ಪ್ರೀತಿ ಹಾಗೇ ಇರುತ್ತೆ.' ಮಕ್ಕಳು ಮುಂದೆ ಕೇಳುವುದು 'ನಾಳೆ ಸ್ಕೂಲಿಗೆ ಬಿಡೋದು ಯಾರು' ಎಂಬಂಥ ಪ್ರಶ್ನೆ, ಉತ್ತರ ಸಿದ್ಧವಾಗಿರಲಿ. ಏಳರ ಮಗುವಿಗೆ ಇದು ಹದಿಹರೆಯದವರಿಗಿಂತ ಸುಲಭವಾಗಿ ಹಿಡಿಸುತ್ತದೆ. ಮಕ್ಕಳನ್ನು ಹೆಚ್ಚು ಕೆಡಿಸುವುದು ತಾಯಿತಂದೆಯ ಜಗಳ. 'ಯಾರಿಗೂ ಹೇಳಬೇಡ' ಎಂದು ಗುಟ್ಟು ಹೊರಿಸಬೇಡಿ. 'ಯಾರಾದರೂ ಕೇಳಿದರೆ ಅಮ್ಮನನ್ನ ಕೇಳಿ ಅನ್ನು' ಎಂದರೆ ಸಾಕು. ಕ್ಲಾಸ್ ಟೀಚರಿಗೆ ಮಾತ್ರ ಮುಂಚೆಯೇ ಹೇಳಿಟ್ಟಿರಿ.

ಹೋಗುವುದೆಂದು ತೀರ್ಮಾನಿಸಿದರೆ, ನೀವು ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರೆಂದುಕೊಂಡು ಹೇಳುತ್ತೇವೆ. ಅವರು ಹೆಣ್ಣಾದರೆಂದು ಮದುವೆ ತಾನಾಗಿ ಮುರಿಯುವುದಿಲ್ಲ, ನ್ಯಾಯಾಲಯದ ಆದೇಶ ಬೇಕೇ ಬೇಕು. ಪರಸ್ಪರ ಒಪ್ಪಿಗೆಯ ವಿಚ್ಛೇದನವೇ ಎಲ್ಲಕ್ಕಿಂತ ಕಡಿಮೆ ನೋವಿನ ದಾರಿ. ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡಿರಾಗಿ ಬಾಳದಿದ್ದರೆ ಅದು ಬೇರೆ ಬಾಳಿದಂತೆಯೇ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂಬುದು 2017ರ ತೀರ್ಪು. ಜೀವನಾಂಶ, ಮಗಳ ಓದಿನ ಖರ್ಚು, ಅವರು ಮಗಳನ್ನು ನೋಡುವ ದಿನ ಎಲ್ಲವನ್ನೂ ಒಪ್ಪಂದದಲ್ಲೇ ಬರೆಸಿ.

ಮೋಸದ ಮದುವೆಯೆಂದು ರದ್ದು ಮಾಡಿಸು ಎನ್ನುವ ನೆಂಟರು ಬರುತ್ತಾರೆ. ಆ ಅರ್ಜಿಯನ್ನು ವಿಷಯ ಗೊತ್ತಾದ ಒಂದು ವರ್ಷದೊಳಗೆ ಹಾಕಬೇಕು, ಗೊತ್ತಾದ ಮೇಲೂ ಮನಃಪೂರ್ವಕವಾಗಿ ಕೂಡಿ ಬಾಳಿದ್ದರೆ ನಿಲ್ಲುವುದಿಲ್ಲ. ಒಂಬತ್ತು ವರ್ಷದ ಸಂಸಾರವನ್ನು ಕೋರ್ಟಿನಲ್ಲಿ ಮೋಸವೆಂದು ಸಾಬೀತು ಮಾಡಹೊರಟರೆ ಮಗಳು ನಡುವೆ ನುಜ್ಜಾಗುತ್ತಾಳೆ. ಅವರ ವಿಷಯವನ್ನು ಆಫೀಸಿಗೆ ತಿಳಿಸುತ್ತೇನೆ ಎಂಬ ಬೆದರಿಕೆಯೂ ಬೇಡ, ಅವರ ಕೆಲಸ ಹೋದರೆ ಜೀವನಾಂಶವೂ ಹೋಯಿತು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, 15100ಕ್ಕೂ ಕರೆ ಮಾಡಬಹುದು. ಹೋಗುವ ಮನಸ್ಸಿಲ್ಲದಿದ್ದರೂ ಒಮ್ಮೆ ಕೇಳಿ ತಿಳಿದುಕೊಂಡು ಬನ್ನಿ.

ಕೊನೆಯದು ಆ ಆಣೆ. ಮಗುವಿನ ಮೇಲೆ ಆಣೆ ಹಾಕಿಸಿ ನಿಮ್ಮ ಬಾಯಿ ಕಟ್ಟಿದ್ದು ಭಯದಿಂದ ಮಾಡಿದ ತಪ್ಪು. ನೀವು ಅದನ್ನು ಹೊತ್ತುಕೊಂಡು ಓಡಾಡಬೇಕಿಲ್ಲ. ಕದ್ದು ಮುರಿಯಬೇಡಿ, ಎದುರು ಕೂರಿಸಿ ಬಿಡಿಸಿಕೊಳ್ಳಿ: 'ನಿಮ್ಮ ಸುದ್ದಿ ಊರಿಗೆಲ್ಲ ಹೇಳಲ್ಲ. ಆದರೆ ನನಗೂ ಮಾತಾಡಲು ಒಬ್ಬರು ಬೇಕು, ಯಾರೆಂದು ನಿಮಗೆ ಹೇಳಿಯೇ ಮಾತಾಡ್ತೀನಿ.' ಬಾಯಿ ಭದ್ರವಿರುವ ಅಕ್ಕನೋ ಹಳೆಯ ಗೆಳತಿಯೋ ಆಗಲಿ. ಮೊದಲು ಅಪರಿಚಿತರೇ ಆದೀತು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ, ನಂಬರು 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹೆಸರು ಹೇಳಬೇಕಿಲ್ಲ. ನಿಮ್ಮ ಗಂಡ ನೋಡುವ ಆಪ್ತಸಮಾಲೋಚಕರೇ ನಿಮಗೂ ಬೇಡ, ಬೇರೆಯವರನ್ನು ನೋಡಿ. ನಿಮ್ಮಿಬ್ಬರಲ್ಲಿ ಯಾರ ಬಾಯಲ್ಲಾದರೂ 'ಸತ್ತುಹೋದರೆ ಸಾಕು' ಎಂಬ ಮಾತು ಬಂದರೆ ಅದನ್ನು ಜಗಳದ ಮಾತೆಂದು ತಳ್ಳಿಹಾಕಬೇಡಿ, ಅದೇ ರಾತ್ರಿ ಆ ನಂಬರಿಗೆ ಫೋನ್ ಮಾಡಿ.