ಕ್ರಾಸ್ ಮರಿಯಾದರೆ ಟೆಸ್ಟ್ ಬೇಡವೇ?

ಮಂಡ್ಯ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಮನೆಯಲ್ಲಿ ಚಿನ್ನಿ ಅಂತ ಲ್ಯಾಬ್ರಡಾರ್ ಹೆಣ್ಣು ಇದೆ. ವಯಸ್ಸು 14 ತಿಂಗಳು, ಈಗ ಎರಡನೇ ಸಲ ಬೆದೆಗೆ ಬಂದಿದ್ದಾಳೆ. ಮೈಸೂರಿನ ಸ್ನೇಹಿತರ ಹತ್ತಿರ ಗೋಲ್ಡನ್ ರಿಟ್ರೀವರ್ ಗಂಡು ಇದೆ. ಒಂದೇ ಒಂದು ಸಲ ಕ್ರಾಸ್ ಮಾಡಿಸೋಣ ಅಂತಿದ್ದೇವೆ. ಡಾಕ್ಟರು ಎರಡಕ್ಕೂ ಸೊಂಟದ ಎಕ್ಸ್‌ರೇ, ಡಿಎನ್‌ಎ ಟೆಸ್ಟ್ ಆಗಲಿ ಅಂತಾರೆ. ಕ್ರಾಸ್ ಮರಿಗಳು ಗಟ್ಟಿ ಅಲ್ವಾ? ರಾಗಿಯಲ್ಲಿ, ಹಸುವಿನಲ್ಲಿ ಮಿಶ್ರತಳಿ ಒಳ್ಳೇದು ಅಂತಾರೆ. ನಾಯಿಗೆ ಮಾತ್ರ ಯಾಕೆ ಇಷ್ಟು ಖರ್ಚು? ಮರಿಗೆ ಎಷ್ಟು ಬೆಲೆ ಇಡಬಹುದು?”

ನಮಸ್ಕಾರ.

ನಿಮ್ಮ ಡಾಕ್ಟರು ಸುಮ್ನೆ ಖರ್ಚು ಹೇಳ್ತಿಲ್ಲ. ನೀವು ರಾಗಿಯ ಮಾತೆತ್ತಿದ್ದರಿಂದ ಅಲ್ಲಿಂದಲೇ ಶುರು ಮಾಡ್ತೀನಿ. ನಿಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ್ದು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಆದರೆ ಎರಡು ಪೈರು ಸೇರಿಸಿ, ಬಂದ ಬೀಜವನ್ನು ಅವರು ಸೀದಾ ರೈತರ ಕೈಗೆ ಕೊಡಲಿಲ್ಲ. ಬೆಳೆದು ನೋಡಿದರು, ಬೇಡದ್ದನ್ನು ಬಿಟ್ಟರು, ಒಳ್ಳೆಯದನ್ನು ಆರಿಸಿ ಮತ್ತೆ ಬೆಳೆದರು. ಹೊಲದಲ್ಲಿ ಹಾಗೆ ಮಾಡಬಹುದು, ಬೇಡದ ಪೈರನ್ನು ಕಿತ್ತು ಬದುವಿಗೆ ಹಾಕಬಹುದು. ಮರಿಯನ್ನು ಹಾಗೆ ಹಾಕೋಕಾಗುತ್ತಾ? ಆದ್ದರಿಂದ ಆರಿಸುವ ಕೆಲಸವೆಲ್ಲ ಕ್ರಾಸ್ ಮಾಡಿಸುವ ಮುಂಚೆಯೇ, ಅಪ್ಪ ಅಮ್ಮನ ಮಟ್ಟದಲ್ಲೇ ಮುಗಿಯಬೇಕು. ಡಾಕ್ಟರು ಹೇಳಿದ ಟೆಸ್ಟ್ ಅಂದ್ರೆ ಅದೇ.

ಕ್ರಾಸ್‌ನಿಂದ ಲಾಭವೇ ಇಲ್ಲ ಅಂತಲ್ಲ. ಕೆಲವು ಕಾಯಿಲೆಗಳು ಮರಿಗೆ ಬರಬೇಕಾದರೆ ಕೆಟ್ಟ ಜೀನ್ ಅಪ್ಪನಿಂದಲೂ ಬರಬೇಕು, ಅಮ್ಮನಿಂದಲೂ ಬರಬೇಕು. ಲ್ಯಾಬ್ರಡಾರ್‌ಗಳಲ್ಲಿ ಜೋರಾಗಿ ಓಡಿಸಿದರೆ ಹಿಂಗಾಲು ಸೋತು ಕುಸಿಯುವ ಒಂದು ಕಾಯಿಲೆ ಇದೆ. ಗೋಲ್ಡನ್‌ಗಳಲ್ಲಿ ಮೈಯೆಲ್ಲ ಹೊಟ್ಟು ಉದುರುವ ಇನ್ನೊಂದು ಇದೆ. ಒಂದು ಅಮ್ಮನ ಕಡೆಯದು, ಇನ್ನೊಂದು ಅಪ್ಪನ ಕಡೆಯದು. ಹಾಗಾಗಿ ಮೊದಲ ತಲೆಮಾರಿನ ಮರಿಗಳು ಇಂಥವುಗಳಿಂದ ಬಹುಮಟ್ಟಿಗೆ ಬಚಾವ್. ಆದರೆ ಕೆಟ್ಟ ಜೀನ್ ಎಲ್ಲೂ ಹೋಗಿರುವುದಿಲ್ಲ, ಮರಿಯೊಳಗೇ ಅಡಗಿರಬಹುದು. ನಾಳೆ ಯಾರಾದರೂ ಆ ಮರಿಗಳನ್ನೇ ಒಂದಕ್ಕೊಂದು ಕೂಡಿಸಿದರೆ ಮತ್ತೆ ಎದ್ದು ಬರಬಹುದು.

ತೊಂದರೆ ಇರುವುದು ಎರಡು ತಳಿಗೂ ಸೇರಿದ ಕಾಯಿಲೆಗಳಲ್ಲಿ. ನಿಮ್ಮ ಜೋಡಿಗೆ ಅಂಥವು ಮುಖ್ಯವಾಗಿ ಸೊಂಟ, ಮುಂಗಾಲಿನ ಮೊಣಕೈ, ಕಣ್ಣು. ಇಲ್ಲಿ ಕ್ರಾಸ್ ಅನ್ನೋದು ಯಾವ ರಕ್ಷಣೆಯನ್ನೂ ಕೊಡಲ್ಲ.

ಮೊದಲು ಸೊಂಟ. ಹಿಪ್ ಡಿಸ್‌ಪ್ಲೇಸಿಯಾ ಅಂತ ಡಾಕ್ಟರು ಹೇಳಿರಬಹುದು. ತೊಡೆ ಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಬಿಗಿಯಾಗಿ ಕೂರಬೇಕು. ಗುಳಿ ಆಳ ಇಲ್ಲದಿದ್ದರೆ ಗುಂಡು ಅಲ್ಲಾಡುತ್ತೆ, ಸವೆಯುತ್ತೆ, ನಾಯಿಗೆ ನೋವು ಶುರುವಾಗುತ್ತೆ. ಮಲಗಿದ್ದು ಏಳಲು ಕಷ್ಟಪಡುತ್ತೆ, ಓಡುವಾಗ ಹಿಂಗಾಲು ಎರಡನ್ನೂ ಜೋಡಿಸಿ ಕುಪ್ಪಳಿಸುತ್ತೆ. ಇದು ಒಂದೇ ಜೀನಿನ ಕೆಲಸ ಅಲ್ಲ, ಅದಕ್ಕೇ ಇದಕ್ಕೆ ಡಿಎನ್‌ಎ ಟೆಸ್ಟ್ ಸಾಕಾಗಲ್ಲ, ಎಕ್ಸ್‌ರೇ ಬೇಕು. ಮತ್ತು ಬರಿದೇ ನಾಯಿ ಓಡೋದನ್ನ ನೋಡಿ ಸೊಂಟ ಚೆನ್ನಾಗಿದೆ ಅನ್ನೋಕಾಗಲ್ಲ. ಗುಳಿ ಹಾಳಾಗಿರುವ ನಾಯಿಗಳೂ ಚಿಕ್ಕ ವಯಸ್ಸಿನಲ್ಲಿ ಚೆಂಡಿನ ಹಿಂದೆ ಹುಚ್ಚೆದ್ದು ಓಡುತ್ತವೆ.

ಎಕ್ಸ್‌ರೇ ತೆಗೆಯುವ ರೀತಿಯೂ ಮುಖ್ಯ. ನಾಯಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು ಅಂಗಾತ ಮಲಗಿಸಿ, ಹಿಂಗಾಲು ಎರಡನ್ನೂ ನೇರ ಎಳೆದು, ಮಂಡಿ ಸ್ವಲ್ಪ ಒಳಕ್ಕೆ ತಿರುಗಿಸಿ ತೆಗೆಯಬೇಕು. ನಾಯಿ ಓರೆಯಾಗಿ ಮಲಗಿದ್ದರೆ ಆ ಫಿಲಂ ಲೆಕ್ಕಕ್ಕಿಲ್ಲ. ಬ್ರಿಟನ್ನಿನ ಪದ್ಧತಿಯಲ್ಲಿ ಒಂದೊಂದು ಕಡೆಗೆ 0ಯಿಂದ 53ರವರೆಗೆ ಅಂಕ ಕೊಡುತ್ತಾರೆ. ಜಾಸ್ತಿ ಅಂಕ ಬಂತು ಅಂತ ಖುಷಿಪಡಬೇಡಿ, ಇಲ್ಲಿ ಜಾಸ್ತಿ ಅಂದ್ರೆ ಕೆಟ್ಟದ್ದು. ಅಮೆರಿಕದ ಪದ್ಧತಿಯಲ್ಲಿ ನಾಯಿಗೆ 24 ತಿಂಗಳು ತುಂಬುವವರೆಗೆ ಕೊನೆಯ ಸರ್ಟಿಫಿಕೇಟನ್ನೇ ಕೊಡಲ್ಲ. ಮೊಣಕೈ ಎಕ್ಸ್‌ರೇಯನ್ನೂ ಅದೇ ಮಂಪರಿನಲ್ಲಿ ಮುಗಿಸಿಬಿಡಿ.

ಕಣ್ಣಿನದು ಇನ್ನೂ ಮೋಸದ್ದು. ಪಿಆರ್‌ಎ ಅನ್ನುವ ಕಾಯಿಲೆಯಲ್ಲಿ ಅಕ್ಷಿಪಟಲ ನಿಧಾನಕ್ಕೆ ಹಾಳಾಗುತ್ತೆ. ಮರಿಯಾಗಿದ್ದಾಗ ಏನೂ ಗೊತ್ತಾಗಲ್ಲ. ದೊಡ್ಡದಾದ ಮೇಲೆ ಒಂದು ದಿನ ಕತ್ತಲಲ್ಲಿ ಮೆಟ್ಟಿಲಿಳಿಯಲು ಹಿಂಜರಿಯುತ್ತೆ, ಆಮೇಲೆ ಜಾಗ ಬದಲಿಸಿಟ್ಟ ಕುರ್ಚಿಗೆ ಡಿಕ್ಕಿ ಹೊಡೆಯುತ್ತೆ, ಕೊನೆಗೆ ಪೂರ್ತಿ ಕುರುಡು. ಔಷಧಿ ಇಲ್ಲ. ಇದರಲ್ಲಿ ಒಂದು ಬಗೆ ಲ್ಯಾಬ್ರಡಾರ್‌ಗೂ ಇದೆ, ಗೋಲ್ಡನ್‌ಗೂ ಇದೆ. ಅದರ ಟೆಸ್ಟ್ ಮಾತ್ರ ಬಲು ಸುಲಭ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಲ್ಲಿ ಉಜ್ಜಿ ಲ್ಯಾಬ್‌ಗೆ ಕಳಿಸಿದರೆ ಕ್ಲಿಯರ್ (ಕೆಟ್ಟ ಜೀನ್ ಇಲ್ಲ), ಕ್ಯಾರಿಯರ್ (ಒಂದು ಕಡೆಯಿಂದ ಮಾತ್ರ ಬಂದಿದೆ) ಅಥವಾ ಅಫೆಕ್ಟೆಡ್ (ಎರಡೂ ಕಡೆಯಿಂದ ಬಂದಿದೆ) ಅಂತ ಬರುತ್ತೆ. ಚಿನ್ನಿ ಕ್ಯಾರಿಯರ್ ಅಂತ ಬಂದರೆ ಗಾಬರಿ ಬೇಡ. ಅವಳಿಗೆ ಕಾಯಿಲೆ ಬರಲ್ಲ. ಗಂಡು ಕ್ಲಿಯರ್ ಇದ್ದರೆ ಯಾವ ಮರಿಗೂ ಬರಲ್ಲ. ಎರಡೂ ಕ್ಯಾರಿಯರ್ ಆದರೆ ಮಾತ್ರ ಒಂದೊಂದು ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅಂಥ ಜೋಡಿ ಬೇಡ.

ಇದೆಲ್ಲ ಅತಿಯಾಯ್ತು ಅನ್ನಿಸಬಹುದು. ಆದರೆ ಬ್ರಿಟನ್ನಿನಲ್ಲಿ ಅಂಧರಿಗೆ ನಾಯಿ ಕೊಡುವ ಗೈಡ್ ಡಾಗ್ಸ್ ಸಂಸ್ಥೆ ನೀವು ಅಂದುಕೊಂಡ ಇದೇ ಕ್ರಾಸನ್ನು ಬೇಕೆಂದೇ ಮಾಡಿಸುತ್ತೆ, ಅಪ್ಪ ಅಮ್ಮನನ್ನು ಪರೀಕ್ಷೆ ಮಾಡಿಯೇ ಮಾಡಿಸುತ್ತೆ. ಇನ್ನೊಂದು ಕಡೆ ಲ್ಯಾಬ್ರಡೂಡಲ್ ಕಥೆ ನೋಡಿ. ಆಸ್ಟ್ರೇಲಿಯಾದಲ್ಲಿ ವಾಲಿ ಕಾನ್ರನ್ ಎಂಬುವರು 1989ರಲ್ಲಿ ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿದರು. ಹವಾಯಿಯ ಅಂಧ ಮಹಿಳೆಯೊಬ್ಬರ ಗಂಡನಿಗೆ ನಾಯಿ ಕೂದಲಿನ ಅಲರ್ಜಿ, ಅದಕ್ಕೆ. ಹುಟ್ಟಿದ ಮೂರರಲ್ಲಿ ಆ ಮನೆಗೆ ಹೊಂದಿದ್ದು ಒಂದೇ ಮರಿ. ಆಮೇಲೆ ಹಣಕ್ಕಾಗಿ ಸಿಕ್ಕಸಿಕ್ಕವರು ಸಿಕ್ಕಸಿಕ್ಕ ನಾಯಿ ಕೂಡಿಸತೊಡಗಿದಾಗ, ಯಾಕಾದರೂ ಶುರುಮಾಡಿದೆನೋ ಅಂತ ಕಾನ್ರನ್ ಅವರೇ ಬಹಿರಂಗವಾಗಿ ಬೇಸರಪಟ್ಟರು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಲ್ಯಾಬ್ರಡೂಡಲ್ ಮತ್ತು ಪೂಡಲ್‌ನ ಇನ್ನೆರಡು ಕ್ರಾಸ್‌ಗಳಾದ ಕಾಕಪೂ, ಕ್ಯಾವಪೂಗಳು ಒಟ್ಟಾರೆ ಆರೋಗ್ಯದಲ್ಲಿ ಮೂಲ ತಳಿಗಳಿಗಿಂತ ಮೇಲೇನಲ್ಲ ಅಂತಲೇ ಬಂದಿದೆ.

ಇನ್ನು ವಯಸ್ಸು. ಈ ಬೆದೆಯಲ್ಲಿ ಖಂಡಿತ ಬೇಡ. ನಾಯಿ ಸಾಕಿ ಮರಿ ಮಾರುವವರಿಗೆ 2017ರ ಕೇಂದ್ರದ ನಿಯಮಗಳಿವೆ. 18 ತಿಂಗಳು ದಾಟದ ನಾಯಿಗೆ ಮರಿ ಮಾಡಿಸುವ ಹಾಗಿಲ್ಲ, 8 ವಾರ ತುಂಬದ ಮರಿ ಮಾರುವ ಹಾಗಿಲ್ಲ, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯೂ ಬೇಕು. ನನ್ನ ಕೇಳಿದರೆ ಚಿನ್ನಿಗೆ ಎರಡು ವರ್ಷ ತುಂಬಲಿ. ಅಷ್ಟರಲ್ಲಿ ಎಕ್ಸ್‌ರೇಯೂ ಸರಿಯಾದ ವಯಸ್ಸಿನಲ್ಲಿ ಆಗುತ್ತೆ. ಕೂಡಿಸುವ ಮುಂಚೆ ಎರಡಕ್ಕೂ ಬ್ರುಸೆಲ್ಲಾ ರಕ್ತಪರೀಕ್ಷೆ ಮರೆಯಬೇಡಿ. ಆ ರೋಗಾಣು ಗರ್ಭ ಕೆಡಿಸುತ್ತೆ, ಮನುಷ್ಯರಿಗೂ ಅಂಟುತ್ತೆ.

ಬೆಲೆ ಕೇಳಿದ್ದೀರಿ. ಮೊದಲು ಖರ್ಚು ಬರೆದುಕೊಳ್ಳಿ: ಟೆಸ್ಟ್‌ಗಳು, ಗರ್ಭದ ಸುಮಾರು 63 ದಿನದ ಆರೈಕೆ, ಮಧ್ಯರಾತ್ರಿ ಸಿಸೇರಿಯನ್ ಬೇಕಾದರೆ ಅದು, ಎರಡು ವಾರಕ್ಕೊಮ್ಮೆ ಜಂತಿನ ಔಷಧಿ, ಮೊದಲ ಲಸಿಕೆ. ಈ ಗಾತ್ರದ ನಾಯಿಗೆ ಏಳೆಂಟು ಮರಿ ಮಾಮೂಲು. ಗಂಡಿನ ಕಡೆಯವರು ರೂಢಿಯಂತೆ ಒಂದು ಮರಿ ಒಯ್ಯುತ್ತಾರೆ. ಉಳಿದವಕ್ಕೆ ಮನೆ ಎಲ್ಲಿದೆ? “ಆಮೇಲೆ ಯಾರಾದರೂ ತಗೋತಾರೆ” ಅನ್ನೋದು ಮನೆಯಲ್ಲ. ಹೆಸರು ಬರೆದಿಟ್ಟ ಆರೇಳು ಮನೆ ಸಿಗುವವರೆಗೆ ಸುಮ್ಮನಿರಿ. ಸಾಕಲು ಆಗದಿದ್ದರೆ ಮರಿಯನ್ನು ನಮಗೇ ವಾಪಸ್ ಕೊಡಿ ಅಂತ ಬರೆಸಿಕೊಳ್ಳಿ. ಟೆಸ್ಟ್ ವರದಿಗಳ ನಕಲನ್ನೂ ಮರಿ ಜೊತೆ ಕೊಡಿ. ಮುಂದೆ ಮರಿ ಮಾಡಿಸದಂತೆ ಆಪರೇಷನ್ ಮಾಡಿಸಲು ಒಪ್ಪುವವರಿಗೆ ಎರಡು ಸಾವಿರ ಕಮ್ಮಿ ಮಾಡಿದರೂ ನಷ್ಟವೇನಿಲ್ಲ.

ಮೈಸೂರಿನ ಸ್ನೇಹಿತರಿಗೆ ಇವತ್ತೇ ಫೋನ್ ಮಾಡಿ, ಗಂಡಿಗೆ ಟೆಸ್ಟ್ ಆಗಿದೆಯಾ ಅಂತ ಕೇಳಿ. ಕೆನಲ್ ಕ್ಲಬ್ ಪೇಪರ್ ಇದೆ ಅನ್ನಬಹುದು. ಆ ಪೇಪರ್‌ನಲ್ಲಿ ಇರುವುದು ಅಜ್ಜ ಮುತ್ತಜ್ಜನ ಹೆಸರು, ಸೊಂಟದ ವಿಷಯ ಅಲ್ಲ. ಅವರ ಗಂಡಿಗೂ ಎಕ್ಸ್‌ರೇ ತೆಗೆಸಲು ಒಪ್ಪಿದರೆ ಸರಿ. “ನಮ್ಮ ನಾಯಿಗೆ ಏನೂ ಆಗಿಲ್ಲ, ಟೆಸ್ಟ್ ಯಾಕೆ” ಅಂದರೆ ಬೇರೆ ಗಂಡು ಹುಡುಕಿ. ಹೇಗೂ ನಿಮ್ಮ ಕೈಯಲ್ಲಿ ಇನ್ನೂ ಹತ್ತು ತಿಂಗಳಿದೆ.

— ಸಂಪಾದಕ